ಬಿರುಕೋ ಗೀರೋ

ಭಾನುವಾರ ಮಧ್ಯಾಹ್ನ ಊಟ ಮುಗಿದ ಮೇಲೆ ಮಗಳು ಇಳಾ ಡೈನಿಂಗ್ ಟೇಬಲ್ಲಿನ ಮೇಲೆ ಹಳೆಯ ಟವೆಲು ಹಾಸಿಕೊಂಡು ಉಗುರಿನ ಬಣ್ಣ ತೆಗೆಯುತ್ತಿದ್ದಳು. ನಾನು ಎದುರಿಗೆ ಕೂತು ಸಂಜೆಯ ಪಲ್ಯಕ್ಕೆ ಚವಳಿಕಾಯಿ ಸೋಸುತ್ತಿದ್ದೆ. ಅವಳು ಹತ್ತಿಯ ಉಂಡೆಯ ಮೇಲೆ ಬಾಟಲಿ ಬೋರಲು ಹಾಕಿದ್ದೇ ತಡ, ಮೂಗಿನ ಬುಡಕ್ಕೆ ಚುರ್ರೆನ್ನುವ ಆ ವಾಸನೆ ಬಂತು. ಕೈಯಲ್ಲಿದ್ದ ಕಾಯಿ ಕೈಯಲ್ಲೇ ಉಳಿಯಿತು.

"ಅಮ್ಮಾ, ವಾಟ್ ಹ್ಯಾಪನ್ಡ್? ಇಟ್ಸ್ ಜಸ್ಟ್ ರಿಮೂವರ್. ಕಿಟಕಿ ಓಪನ್ ಮಾಡ್ಲಾ?"

"ಬ್ಯಾಡ ಬಿಡು. ಇರ್ಲಿ."

ಹದಿನಾರರ ಹುಡುಗಿಗೆ ತಾಯಿಯ ಮೂಗಿನ ಬಗ್ಗೆ ಅಷ್ಟೇನೂ ಕುತೂಹಲವಿರುವುದಿಲ್ಲ. ಅವಳು ಮುಂದಿನ ಬೆರಳಿಗೆ ಹೋದಳು. ನಾನು ಮಾತ್ರ ಐದಾರು ವರ್ಷ ಹಿಂದಕ್ಕೆ, ಅಮೆರಿಕದ ರಾಲಿ ಊರಿನ ಹೊರವಲಯದಲ್ಲಿರುವ ನಮ್ಮ ಪಂಪಿನ ಕಾರ್ಖಾನೆಯ ತಪಾಸಣೆ ಕೋಣೆಗೆ ಹೋಗಿ ನಿಂತಿದ್ದೆ. ಅಲ್ಲಿ ಉಕ್ಕು ಒರೆಸುವ ದ್ರವಕ್ಕೂ ಇದೇ ವಾಸನೆ. ಆ ವಾಸನೆ ಬಂದಾಗಲೆಲ್ಲ ಎತ್ತರದ, ಸ್ವಲ್ಪ ಬಾಗಿದ ಬೆನ್ನಿನ ಒಬ್ಬ ಇಂಗ್ಲಿಷ್ ಹಿರಿಯರು ನನ್ನ ಕಣ್ಣ ಮುಂದೆ ಬರುತ್ತಾರೆ. ಹೆಸರು ಕೀತ್. ನಮ್ಮ ಕಂಪನಿಯ ಚೇರ್‌ಮನ್ ಆಗಿದ್ದವರು, ಅದಕ್ಕೂ ಮೊದಲು ಇಂಜಿನಿಯರ್ ಆಗಿದ್ದವರು. ಅವರು ಯಾವಾಗ ಇಂಜಿನಿಯರ್ ಆಗಿದ್ದರು, ಯಾವಾಗ ಚೇರ್‌ಮನ್ ಆದರು ಎಂಬುದರಲ್ಲಿಯೇ ನನಗೆ ಇವತ್ತಿಗೂ ಗೊಂದಲ. ಆ ಗೊಂದಲವನ್ನು ಇದ್ದ ಹಾಗೆಯೇ ನಿಮ್ಮ ಮುಂದೆ ಹರವುತ್ತೇನೆ. ನಿಮಗೇನಾದರೂ ಹೊಳೆದರೆ ಒಳ್ಳೆಯದು.

ಕೀತ್ ಹುಟ್ಟಿದ್ದು ಇಂಗ್ಲೆಂಡಿನ ಉತ್ತರ ಭಾಗದ ಒಂದು ಗಿರಣಿ ಊರಿನಲ್ಲಿ. ತಂದೆ ಬಸ್ ಕಂಡಕ್ಟರ್, ತಾಯಿ ಬಟ್ಟೆ ಗಿರಣಿಯಲ್ಲಿ. ಹದಿನಾರಕ್ಕೆ ಶಾಲೆ ಬಿಟ್ಟು ಪಂಪಿನ ಕಾರ್ಖಾನೆ ಸೇರಿದಾಗ ಮೊದಲ ಆರು ತಿಂಗಳು ಅವರಿಗೆ ಕೊಟ್ಟ ಕೆಲಸವೆಂದರೆ ಒಂದು ಕಬ್ಬಿಣದ ತುಂಡನ್ನು ಅರದಿಂದ ಉಜ್ಜಿ ಉಜ್ಜಿ ಆರೂ ಮುಖ ಸಪಾಟು ಮಾಡುವುದು. ಆಯಿತೆಂದು ತಂದು ತೋರಿಸಿದರೆ ಮೇಸ್ತ್ರಿ ಅದನ್ನು ಬೆಳಕಿಗೆ ಹಿಡಿದು ನೋಡಿ, ಒಂದೂ ಮಾತಾಡದೆ ಗುಜರಿ ಡಬ್ಬಕ್ಕೆ ಎಸೆಯುತ್ತಿದ್ದನಂತೆ. ಅಲ್ಲಿಂದ ಸಂಜೆ ಕಾಲೇಜು, ನಕ್ಷೆ ಬರೆಯುವ ಆಫೀಸು, ಡಿಗ್ರಿ. ಆಮೇಲೆ ಪಂಪು ಕೂಡಿಸಲು ದೇಶದಿಂದ ದೇಶಕ್ಕೆ ತಿರುಗಾಟ. ಅವರ ಕಂಪನಿಯವರು ನಾರ್ತ್ ಕೆರೊಲಿನಾದಲ್ಲಿ ಒಂದು ಸಣ್ಣ ಕಾರ್ಖಾನೆ ಕೊಂಡಾಗ, ಅದರ ತಪಾಸಣೆ ವಿಭಾಗ ಸರಿಪಡಿಸಲೆಂದು ಆರು ತಿಂಗಳ ಮಟ್ಟಿಗೆ ಇವರನ್ನು ಕಳಿಸಿದರು. ಆರು ತಿಂಗಳಿಗೆಂದು ಬಂದವರು ಮೂವತ್ತು ವರ್ಷ ಉಳಿದರು. ಇದರಲ್ಲಿ ನಗುವಂಥದ್ದೇನಿಲ್ಲ, ನಾನೂ ಎರಡೇ ವರ್ಷಕ್ಕೆಂದು ಬಾಗಲಕೋಟೆ ಬಿಟ್ಟವಳು. ಚೀಫ್ ಇಂಜಿನಿಯರ್ ಆದರು, ಕಾರ್ಖಾನೆಯ ಮುಖ್ಯಸ್ಥರಾದರು, ಆ ಕಾರ್ಖಾನೆಯೇ ದೊಡ್ಡದಾಗಿ ಬೇರೆ ಕಂಪನಿಯಾದಾಗ ಅದರ ಚೇರ್‌ಮನ್ ಆದರು. ಹನ್ನೊಂದು ವರ್ಷ ಆ ಕುರ್ಚಿಯಲ್ಲಿದ್ದರು.

ನಾನು ಸೇರಿದ ಮೊದಲ ವಾರ ಕಾರಿಡಾರಿನಲ್ಲಿ ಎದುರಾಗಿ "ಹೇಗಿದ್ದೀಯ, ಲವ್?" ಎಂದರು. ನಾನು ಬೆವತುಹೋದೆ. ಮನೆಗೆ ಬಂದು ನಮ್ಮನೆಯವರಿಗೆ ಹೇಳಿದರೆ ಅವರು ಚಹಾ ಕುಡಿಯುವುದನ್ನು ನಿಲ್ಲಿಸಿ, "ಎಷ್ಟು ವಯಸ್ಸು ಆ ಮನಷ್ಯಾಗ?" ಎಂದು ಕೇಳಿದರು. ಇಂಗ್ಲೆಂಡಿನ ಆ ಕಡೆಯವರು ಅಂಗಡಿಯವಳಿಗೂ ಅಂಚೆಯವಳಿಗೂ ಹಾಗೆಯೇ ಅನ್ನುತ್ತಾರೆಂದು ಆಮೇಲೆ ತಿಳಿಯಿತು. ಕೀತ್ ಅವರ ಮಾತನ್ನು ಇಲ್ಲಿ ಕನ್ನಡದಲ್ಲಿ ಬರೆಯುವಾಗ ನನಗೆ ತಾನಾಗಿಯೇ 'ನೀನು' ಎಂದು ಬರುತ್ತದೆ. 'ನೀವು' ಎಂದು ಬರೆದರೆ ಅದು ಅವರ ಬಾಯಿಯ ಮಾತು ಅನ್ನಿಸುವುದೇ ಇಲ್ಲ.

ಇನ್ನೊಂದು ಹೇಳಲೇಬೇಕು. ಪಂಪು ಕೂಡಿಸುವ ತಿರುಗಾಟದಲ್ಲಿ ಅವರು ಒಮ್ಮೆ ಭಾರತಕ್ಕೂ ಹೋಗಿದ್ದರು. "ಒಂದು ನದಿ ಇತ್ತು, ಮಣ್ಣು ಕಪ್ಪಗಿತ್ತು, ತುಂಬ ಸೆಕೆ, ಊರಿನ ಹೆಸರು ನೆನಪಿಲ್ಲ," ಎಂದರು. ನನಗೆ ಮೈಯೆಲ್ಲ ಕಿವಿ. "ಬಾಗಲಕೋಟೆ ಇರಬಹುದಾ? ಘಟಪ್ರಭಾ ಅಂತ ನದಿ?" ಎಂದು ಕೇಳಿದೆ. ಅವರು ಹುಬ್ಬು ಗಂಟಿಕ್ಕಿ ಯೋಚಿಸಿ, "ಹೌದು, ಹೌದು, ಅದೇ," ಎಂದರು. ಆ ರಾತ್ರಿ ಊರಿಗೆ ಫೋನು ಮಾಡಿ ನಮ್ಮ ಚೇರ್‌ಮನ್ ಸಾಹೇಬರು ನಮ್ಮೂರಿನ ನೀರು ಕುಡಿದವರೆಂದು ಎಲ್ಲರಿಗೂ ಸಾರಿದೆ. ನಾಲ್ಕು ತಿಂಗಳ ಮೇಲೆ ನಮ್ಮ ತಮಿಳು ಸಹೋದ್ಯೋಗಿಯೊಬ್ಬ ಊಟದ ಮೇಜಿನಲ್ಲಿ, "ಗೊತ್ತಾ? ಕೀತ್ ಕೊಯಮತ್ತೂರಿನಲ್ಲಿ ಕೆಲಸ ಮಾಡಿದ್ದಾರೆ," ಎಂದು ಹೆಮ್ಮೆಯಿಂದ ಹೇಳಿದ. ಯಾರು ಯಾವ ಊರು ಹೇಳಿದರೂ ಬೇಸರ ಮಾಡಬಾರದೆಂದು ಅವರು ಒಪ್ಪಿಕೊಳ್ಳುತ್ತಿದ್ದರೋ, ನಿಜವಾಗಿ ನೆನಪು ಬರುತ್ತಿತ್ತೋ, ದೇವರೇ ಬಲ್ಲ. ನಾನಂತೂ ಬಾಗಲಕೋಟೆಯನ್ನು ಬಿಟ್ಟುಕೊಟ್ಟಿಲ್ಲ.

ಚೇರ್‌ಮನ್ ಆದ ಮೇಲೂ ಅವರು ಮೇಲಿನ ಮಹಡಿಯಲ್ಲಿ ಕೂರುತ್ತಿದ್ದುದು ಕಡಿಮೆ. ಜೇಬಿನಲ್ಲೊಂದು ಕೆಂಪು ಪೆನ್ಸಿಲ್ಲು. ಯಾರದೋ ಮೇಜಿನ ಮೇಲೆ ನಕ್ಷೆ ಕಂಡರೆ ಬಗ್ಗಿ ನೋಡಿ, ಅಲ್ಲೊಂದು ಇಲ್ಲೊಂದು ಗುರುತು ಹಾಕಿ ಹೋಗುತ್ತಿದ್ದರು. ಗುರುತು ಹಾಕಿದ ಕಡೆ ತಪ್ಪು ಇರುತ್ತಿತ್ತು ಎನ್ನುವುದು ಬೇರೆ ಮಾತು. ಕೆಲಸಗಾರರಿಗೆ ಅವರೆಂದರೆ ಹೆಮ್ಮೆ. ಕುರ್ಚಿ ಎಷ್ಟು ಎತ್ತರದ್ದಾದರೂ ಮನುಷ್ಯ ಮಾತ್ರ ಇಂಜಿನಿಯರ್ರೇ ಎಂದು ಎಲ್ಲರೂ ಹೇಳುತ್ತಿದ್ದರು. ನಾನೂ ಹೇಳುತ್ತಿದ್ದೆ.

ಈಗ ಡಾರ್ಲೀನ್ ವಿಷಯಕ್ಕೆ ಬರಬೇಕು. ರಾಲಿಯ ಪಕ್ಕದ ಗಾರ್ನರ್ ಊರಿನವಳು, ನನಗಿಂತ ಏಳೆಂಟು ವರ್ಷ ದೊಡ್ಡವಳು. ಕಾಲೇಜು ಕಂಡವಳಲ್ಲ. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಕೈಯಲ್ಲಿ ಟಾರ್ಚು ಹಿಡಿದು ಉಕ್ಕು ನೋಡುತ್ತ ಬಂದವಳು. ತಪಾಸಣೆ ಕೋಣೆಯಲ್ಲಿ ಅವಳು ನೋಡುವವಳು, ನಾನು ಬರೆಯುವವಳು. ನಮ್ಮ ಕೆಲಸ ಹೀಗೆ: ಉಕ್ಕನ್ನು ಆ ಚುರ್ರೆನ್ನುವ ದ್ರವದಿಂದ ಒರೆಸಬೇಕು, ಕೆಂಪು ಬಣ್ಣ ಬಳಿಯಬೇಕು, ಸ್ವಲ್ಪ ಹೊತ್ತು ಬಿಟ್ಟು ಬಣ್ಣ ಒರೆಸಿ ತೆಗೆದು ಬಿಳಿ ಪುಡಿ ಸಿಂಪಡಿಸಬೇಕು. ಎಲ್ಲಾದರೂ ಕಣ್ಣಿಗೆ ಕಾಣದ ಬಿರುಕಿದ್ದರೆ ಅದರೊಳಗೆ ಇಳಿದ ಬಣ್ಣ ಮೆಲ್ಲಗೆ ಬಿಳಿಯ ಮೇಲೆ ಒಸರಿ ಕೆಂಪು ಗೆರೆಯಾಗುತ್ತದೆ. ತೊಂದರೆಯೆಂದರೆ ಕಡೆಯುವ ಯಂತ್ರದ ಹತಾರ ಉಕ್ಕಿನ ಮೇಲೆ ಗೀರು ಬಿಟ್ಟಿದ್ದರೂ ಅದರಲ್ಲಿ ಒಂಚೂರು ಬಣ್ಣ ನಿಲ್ಲುತ್ತದೆ. ಬಿರುಕು ಬೆಳೆಯುತ್ತದೆ, ಒಂದು ದಿನ ಓಡುತ್ತಿರುವ ಪಂಪಿನೊಳಗೆ ಉಕ್ಕು ಎರಡು ತುಂಡಾಗುತ್ತದೆ. ಗೀರು ಗೀರಾಗಿಯೇ ಇರುತ್ತದೆ. ಇದು ಯಾವುದು, ಅದು ಯಾವುದು ಎಂದು ಹೇಳುವುದಕ್ಕೇ ಕಂಪನಿ ನನ್ನನ್ನು ಇಟ್ಟುಕೊಂಡಿತ್ತು.

ಕೊರೋನಾದ ಮೊದಲ ಬೇಸಿಗೆ. ಆಫೀಸಿನವರೆಲ್ಲ ಮನೆಯಲ್ಲಿ, ಕಾರ್ಖಾನೆಯವರು ಮಾತ್ರ ಮಾಸ್ಕು ಹಾಕಿಕೊಂಡು ಬರುತ್ತಿದ್ದೆವು. ಊಟ ಅವರವರ ಕಾರಿನಲ್ಲಿ. ಆಗಸ್ಟಿನ ಒಂದು ಬೆಳಿಗ್ಗೆ, ಪಟ್ಟಣಗಳ ಕುಡಿಯುವ ನೀರಿನ ಪಂಪಿಗೆ ಹೋಗಬೇಕಿದ್ದ ಉದ್ದನೆಯ ಶಾಫ್ಟುಗಳನ್ನು ನೋಡುತ್ತಿದ್ದೆವು. ಶಾಫ್ಟು ಎಂದರೆ ಮೋಟಾರಿನ ತಿರುಗಾಟವನ್ನು ಪಂಪಿಗೆ ಮುಟ್ಟಿಸುವ ಉಕ್ಕಿನ ದಂಡ. ಮೂರನೆಯದರ ಮೇಲೆ ಡಾರ್ಲೀನಳ ಟಾರ್ಚು ನಿಂತಿತು. ಅಕ್ಕಿಕಾಳಿನಷ್ಟು ಉದ್ದದ ಒಂದು ಕೆಂಪು ಗೆರೆ.

"ಕ್ರ್ಯಾಕ್," ಎಂದಳು.

ನಾನು ಭೂತಗನ್ನಡಿ ಹಿಡಿದು ನೋಡಿದೆ. ಒಂದು ಕಡೆಯಿಂದ ನೋಡಿದರೆ ಬಿರುಕು, ಇನ್ನೊಂದು ಕಡೆಯಿಂದ ಗೀರು. ಹತಾರ ತಿರುವು ತೆಗೆದುಕೊಳ್ಳುವ ಜಾಗವೂ ಅದೇ. "ಟೂಲ್ ಮಾರ್ಕ್ ಇರಬಹುದಲ್ಲ?" ಎಂದೆ. ಅವಳು ತಲೆ ಅಲ್ಲಾಡಿಸಿ ಫಾರಮ್ಮಿನ ಮೇಲೆ ತನ್ನ ದುಂಡು ಅಕ್ಷರದಲ್ಲಿ 'ಕ್ರ್ಯಾಕ್' ಎಂದು ಬರೆದು, ಊಟಕ್ಕೆ ಕಾರಿಗೆ ಹೋದಳು.

ಅಷ್ಟರಲ್ಲಿ ಮ್ಯಾನೇಜರು ಮನೆಯಿಂದ ವಿಡಿಯೋದಲ್ಲಿ ಬಂದು, ಅದು ಬರೀ ಗೀರು, ಉಜ್ಜಿ ಕಳಿಸಿ, ಉಳಿದ ಮಾಲು ತುಂಬಿ ಟ್ರಕ್ ನಿಂತಿದೆ ಎಂದು ಅವಸರ ಮಾಡಿದರು. ನಾನು ಏನು ಮಾಡಿದೆ ಗೊತ್ತೇ? ನಮ್ಮನೆಯವರು ರೇಡಿಯಾಲಜಿಸ್ಟು. ದಿನವಿಡೀ ಎಕ್ಸ್‌ರೇ ನೋಡಿ ವರದಿ ಬರೆಯುವವರು. ಆ ವರದಿಗಳಲ್ಲಿ ಪದೇ ಪದೇ ಬರುವ ಒಂದು ವಾಕ್ಯವಿದೆ: ಇಂಥದ್ದನ್ನು ಅಲ್ಲಗಳೆಯಲಾಗದು. ಎಷ್ಟು ಸುಖದ ವಾಕ್ಯ! ಇದೆ ಎಂದೂ ಹೇಳಿದ ಹಾಗಾಗಲಿಲ್ಲ, ಇಲ್ಲ ಎಂದೂ ಹೇಳಿದ ಹಾಗಾಗಲಿಲ್ಲ. ನಾನು ಡಾರ್ಲೀನಳ ಫಾರಮ್ಮನ್ನು ಪಕ್ಕಕ್ಕಿಟ್ಟು, ಕಂಪ್ಯೂಟರಿನಲ್ಲಿ ಹೊಸದು ತೆರೆದು, "ಬಿರುಕಿರುವ ಸಾಧ್ಯತೆಯನ್ನು ಅಲ್ಲಗಳೆಯಲಾಗದು" ಎಂದು ಟೈಪು ಮಾಡಿ, ಕೆಳಗೆ ನನ್ನ ಹೆಸರೊಂದನ್ನೇ ಹಾಕಿ ಮೇಲಿನವರಿಗೆಲ್ಲ ಕಳಿಸಿದೆ. ಹಳೆಯ ಫಾರಮ್ಮು ಕಸದ ಬುಟ್ಟಿ ಸೇರಿತು. ಅದನ್ನು ಬಚ್ಚಿಡಬೇಕೆಂದು ಮಾಡಿದೆನೆ? ಇಲ್ಲ ಅಂದುಕೊಳ್ಳುತ್ತೇನೆ. ಒಂದು ಶಾಫ್ಟಿಗೆ ಎರಡು ಫಾರಮ್ಮು ಯಾಕೆ ಎಂದಷ್ಟೇ ಇರಬೇಕು. ಅದೂ ಸರಿಯಾಗಿ ನೆನಪಿಲ್ಲ.

ಕಳಿಸಿ ಹತ್ತು ನಿಮಿಷವಾಗಿತ್ತೋ ಇಲ್ಲವೋ, ಬಾಗಿಲು ತಳ್ಳಿಕೊಂಡು ಕೀತ್ ಬಂದರು. ಖಾಲಿ ಕಟ್ಟಡದಲ್ಲಿ ಅವರೊಬ್ಬರೇ ಮಾಸ್ಕು ಹಾಕಿಕೊಂಡು ಓಡಾಡುತ್ತಿದ್ದ ದಿನಗಳವು. ಶಾಫ್ಟಿನ ಹತ್ತಿರ ಬಗ್ಗಿ, ಕನ್ನಡಕ ಹಣೆಗೇರಿಸಿ ನೋಡಿದರು. ಹೆಬ್ಬೆರಳಿನ ಉಗುರನ್ನು ಆ ಗೆರೆಯ ಮೇಲೆ ಅಡ್ಡಡ್ಡ ಎಳೆದರು. ಬಿರುಕಿದ್ದರೆ ಉಗುರು ಸಣ್ಣಗೆ ತಡೆಯುತ್ತದೆ ಎನ್ನುವುದು ಹಳೆಯ ಕೆಲಸಗಾರರ ನಂಬಿಕೆ.

"ಬಿರುಕಾ?" ಎಂದು ಕೇಳಿದರು.

"ಗೊತ್ತಿಲ್ಲ."

"ಗೀರಾ?"

"ಅದೂ ಗೊತ್ತಿಲ್ಲ, ಕೀತ್. ಹೇಳೋಕೆ ಆಗ್ತಿಲ್ಲ."

ಅವರು ನನ್ನ ಮುಖ ನೋಡಿದರು. ಇನ್ನೊಬ್ಬಳು ನೋಡಿದ್ದಾಳೆ, ಅವಳು ಬಿರುಕು ಎಂದಿದ್ದಾಳೆ ಎಂದು ಹೇಳಲು ನನಗೆ ಸಾಕಷ್ಟು ಸಮಯವಿತ್ತು. ನಾನು ಹೇಳಲಿಲ್ಲ. ಕಿಟಕಿಯಾಚೆ ಪಾರ್ಕಿಂಗಿನಲ್ಲಿ ಡಾರ್ಲೀನ್ ಕಾರಿನೊಳಗೆ ಕೂತು ಸ್ಯಾಂಡ್‌ವಿಚ್ ತಿನ್ನುತ್ತಿದ್ದುದು ಕಾಣುತ್ತಿತ್ತು.

"ಟ್ರಕ್ ಖಾಲಿ ಮಾಡಿಸು, ಲವ್," ಎಂದು ಹೇಳಿ ಕೀತ್ ಮೇಲೆ ಹೋದರು.

ಆಮೇಲೆ ನಡೆದದ್ದು ಬೇಗ ಬೇಗ ನಡೆಯಿತು. ಆ ಆರ್ಡರು ಪೂರ್ತಿ ನಿಂತಿತು. ಅದೇ ಉಕ್ಕಿನಿಂದ ಮಾಡಿದ ಶಾಫ್ಟುಗಳು ಆಗಲೇ ಎಲ್ಲೆಲ್ಲಿ ಓಡುತ್ತಿದ್ದವೋ ಆ ಊರುಗಳಿಗೆಲ್ಲ ಪಂಪು ನಿಲ್ಲಿಸಿ ಎಂದು ಕೀತ್ ತಾವೇ ಪತ್ರ ಬರೆದರು. ಸೌತ್ ಕೆರೊಲಿನಾದ ಒಂದು ಸಣ್ಣ ಊರಿನಲ್ಲಿ ಆ ಸುಡುಬಿಸಿಲಲ್ಲಿ ಜನ ವಾರಗಟ್ಟಲೆ ನೀರು ಹಿಡಿದಿಟ್ಟು ಬಳಸಬೇಕಾಯಿತು. ಸಿಟ್ಟಾದ ಗಿರಾಕಿಗಳು ಬೇರೆ ಕಂಪನಿಗೆ ಹೋದರು. ಕೆಂಪು ಗೆರೆಯ ಶಾಫ್ಟನ್ನು ದೊಡ್ಡ ಲ್ಯಾಬಿಗೆ ಕಳಿಸಿದ್ದೆವು. ಅವರು ಅದನ್ನು ಕತ್ತರಿಸಿ ನೋಡಿ, ಗುರುತು ಆಳವಿಲ್ಲ, ಅದರ ಮೂಲ ಯಾವುದೆಂದು ನಿರ್ಧರಿಸಲಾಗದು ಎಂದು ಬರೆದು ಕಳಿಸಿದರು. ಓದಿದಾಗ ನಗು ಬಂತು. ನನ್ನದೇ ವಾಕ್ಯ, ಹೆಚ್ಚು ಓದಿದವರ ಕೈಯಲ್ಲಿ.

ಮುಂದಿನ ವಸಂತದ ಹೊತ್ತಿಗೆ ಕೀತ್ ಚೇರ್‌ಮನ್ ಆಗಿರಲಿಲ್ಲ. ನಿವೃತ್ತಿ ಎಂದು ಹೇಳಿದರು. ಬೀಳ್ಕೊಡುಗೆ ವಿಡಿಯೋದಲ್ಲಿ ಆಯಿತು. ಅವರು ತಮ್ಮ ಮನೆಯಲ್ಲಿ ಕೇಕು ಕತ್ತರಿಸಿದರು, ನಾವೆಲ್ಲ ನಮ್ಮ ನಮ್ಮ ಮನೆಯಲ್ಲಿ ಚಪ್ಪಾಳೆ ತಟ್ಟಿದೆವು. ಶಾಫ್ಟಿನ ವಿಭಾಗ ಮುಚ್ಚಿತು. ಅದರ ಜೊತೆ ಡಾರ್ಲೀನಳ ಕೆಲಸವೂ ಹೋಯಿತು. ನನಗೆ ಬಡ್ತಿ ಬಂತು. ಗೆರೆಯನ್ನು ಮೊದಲು ಕಂಡವಳು ಮನೆಗೆ ಹೋದಳು, ಗೊತ್ತಿಲ್ಲ ಎಂದವಳಿಗೆ ಬಾಗಿಲಿರುವ ಕೋಣೆ ಸಿಕ್ಕಿತು. ಇದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು, ನೀವೇ ಹೇಳಿ.

ಕಂಪನಿಯಲ್ಲಿ ಮಾತ್ರ ಒಂದು ಕತೆ ಹುಟ್ಟಿಕೊಂಡಿತು. ಚೇರ್‌ಮನ್ ಒಳಗಿನ ಇಂಜಿನಿಯರ್ ಅವತ್ತು ಎದ್ದು ನಿಂತ, ಉಗುರು ಎಳೆದು ನೋಡಿ ಬಿರುಕು ಹಿಡಿದ, ಸತ್ಯಕ್ಕಾಗಿ ಕುರ್ಚಿ ಬಿಟ್ಟ. ಕೇಳಲು ಚೆನ್ನಾಗಿತ್ತು. ಹೊಸದಾಗಿ ಸೇರಿದವರಿಗೆ ನಾನೂ ಹಾಗೆಯೇ ಹೇಳಿದ್ದುಂಟು.

ಎರಡು ವರ್ಷದ ಮೇಲೆ ನಮ್ಮನೆಯವರ ಅಕ್ಕನ ಮಗ ವರ್ಜೀನಿಯಾದ ಆಲ್ಡಿಯಲ್ಲಿ ಹೊಸ ಮನೆ ಕೊಂಡ. ಗೃಹಪ್ರವೇಶಕ್ಕೆ ಹೋದೆವು. ಕೀತ್ ಕೂಡ ಹೆಂಡತಿ ತೀರಿಕೊಂಡ ಮೇಲೆ ಅಲ್ಲಿಯೇ ಮಗಳ ಮನೆಗೆ ಬಂದಿದ್ದಾರೆಂದು ಕ್ರಿಸ್‌ಮಸ್ ಇಮೇಲಿನಿಂದ ಗೊತ್ತಿತ್ತು. ಮಾರನೆಯ ಬೆಳಿಗ್ಗೆ ಉಳಿದಿದ್ದ ಶೇಂಗಾ ಹೋಳಿಗೆಯನ್ನು ಡಬ್ಬಿಗೆ ಹಾಕಿಕೊಂಡು ಒಬ್ಬಳೇ ಹೊರಟೆ. ಆ ಬಡಾವಣೆಯಲ್ಲಿ ಎಲ್ಲ ಮನೆಗಳೂ ಒಂದೇ ಅಚ್ಚು. ಎರಡು ಸಲ ತಪ್ಪು ಬಾಗಿಲು ತಟ್ಟಿ, ಎರಡನೆಯ ಸಲ ಒಬ್ಬ ತೆಲುಗು ಆಂಟಿಗೆ ಹೋಳಿಗೆಯ ಡಬ್ಬಿ ಕೊಟ್ಟೇಬಿಡುವುದರಲ್ಲಿದ್ದೆ.

ಕೀತ್ ಮನೆಯಲ್ಲಿರಲಿಲ್ಲ. ಬಡಾವಣೆಯ ನಡುವಿನ ಕೊಳದ ಹತ್ತಿರ ಬೆಂಚಿನ ಮೇಲೆ ಕೂತಿದ್ದರು. ಕೈಯಲ್ಲೊಂದು ಕಾಗದ. ಕೊಳದ ಕಾರಂಜಿ ಸರಿಯಾಗಿ ಚಿಮ್ಮುತ್ತಿಲ್ಲವೆಂದು ಇವರು ಪಂಪಿನ ಮುಚ್ಚಳ ಬಿಚ್ಚಿ ನೋಡಿದ್ದರಂತೆ. ಇನ್ನೊಮ್ಮೆ ಮುಟ್ಟಿದರೆ ದಂಡ ಎಂದು ಬಡಾವಣೆಯ ಸಂಘದವರು ನೋಟೀಸು ಕೊಟ್ಟಿದ್ದರು.

"ನನ್ನ ವೃತ್ತಿಜೀವನದ ಕೊನೆಯ ಪತ್ರ," ಎಂದು ನಕ್ಕು ಅದನ್ನು ನನಗೆ ಓದಲು ಕೊಟ್ಟರು. ಹೋಳಿಗೆ ಮುರಿದು ತಿಂದರು. "ಇದನ್ನು ನಿಮ್ಮೂರಿನಲ್ಲಿ ತಿಂದಿದ್ದೆ," ಎಂದರು. ನಾನು ಯಾವ ಊರೆಂದು ಕೇಳಲಿಲ್ಲ.

ಎಷ್ಟೋ ದಿನದಿಂದ ಕೂಡಿಹಾಕಿಕೊಂಡಿದ್ದನ್ನು ಒಂದೇ ಉಸಿರಿಗೆ ಹೇಳಿದೆ. "ಕೀತ್, ಅವತ್ತು ನಾನು ಒಂದು ಮಾತು ಸರಿಯಾಗಿ ಬರೆದಿದ್ದರೆ ನಿಮ್ಮ ಕುರ್ಚಿ ಉಳೀತಿತ್ತೇನೋ. ಗೀರು ಅಂತ ಬರೆದಿದ್ದರೆ..."

"ನಾನೂ ಗೀರು ಅಂತಲೇ ಅಂದುಕೊಂಡೆ," ಎಂದರು ಕೀತ್.

ನನಗೆ ಕೇಳಿಸಿದ್ದು ಸರಿಯೋ ತಪ್ಪೋ ತಿಳಿಯಲಿಲ್ಲ.

"ಉಗುರು ಎಳೆದೆನಲ್ಲ, ಎಲ್ಲೂ ತಡೆಯಲಿಲ್ಲ. ಗೀರೇ. ಇವತ್ತಿಗೂ ನನ್ನ ಲೆಕ್ಕದಲ್ಲಿ ಅದು ಗೀರೇ."

"ಮತ್ತೆ ಯಾಕೆ ನಿಲ್ಲಿಸಿದಿರಿ?"

ಅವರು ಬೆರಳಿಗೆ ಅಂಟಿದ ಹೋಳಿಗೆಯ ಪುಡಿಯನ್ನು ಝಾಡಿಸಿಕೊಂಡರು. "ಹನ್ನೊಂದು ವರ್ಷ ಆ ಕುರ್ಚಿಯಲ್ಲಿ ಕೂತು ಇಂಜಿನಿಯರ್ ಕೆಲಸವನ್ನೇ ಮಾಡಿದೆ. ಪೆನ್ಸಿಲ್ ಹಿಡಿದು ಎಲ್ಲರ ನಕ್ಷೆ ತಿದ್ದಿದೆ. ಜನಕ್ಕೆ ಅದು ಇಷ್ಟವಾಯಿತು, ನನಗೂ ಇಷ್ಟವಾಯಿತು. ಆದರೆ ನಾನು ಬಂದು ತಿದ್ದುತ್ತೇನೆ ಅಂತ ಎಲ್ಲರೂ ತಮ್ಮ ಕೆಲಸವನ್ನು ಪೂರ್ತಿ ತಾವೇ ಮಾಡುವುದನ್ನು ಬಿಟ್ಟರು. ಅವತ್ತು ಶಾಫ್ಟಿನ ಮುಂದೆ ನಿಂತಾಗ ನನ್ನ ಉಗುರು ಒಂದು ಹೇಳಿತು. ಅದನ್ನು ನೋಡುವುದೇ ಯಾರ ಕೆಲಸವೋ ಅವಳು ಗೊತ್ತಿಲ್ಲ ಅಂದಳು. ಚೇರ್‌ಮನ್ ಆದವನು ಯಾರ ಮಾತು ಕೇಳಬೇಕು? ನಾನು ಚೇರ್‌ಮನ್ ಆಗಿದ್ದದ್ದು ಅದೊಂದೇ ದಿನ ಇರಬೇಕು, ಲವ್."

"ಹಾಗಾದರೆ ನಾವು ಮಾಡಿದ್ದು ಸರಿಯಾ?"

"ಯಾರಿಗೆ ಗೊತ್ತು? ಆ ಊರಿನವರು ನೀರಿಲ್ಲದೆ ಒದ್ದಾಡಿದರು. ಗೀರಿಗೋಸ್ಕರ ಒದ್ದಾಡಿದರೋ ಬಿರುಕಿಗೋಸ್ಕರ ಒದ್ದಾಡಿದರೋ, ಗೊತ್ತಾಗದೆಯೇ ನಾನು ಸಾಯುತ್ತೇನೆ." ಆಮೇಲೆ ಕೇಳಿದರು, "ಟಾರ್ಚು ಹಿಡಿದು ನಿನ್ನ ಜೊತೆ ಒಬ್ಬಳು ಇರುತ್ತಿದ್ದಳಲ್ಲ, ಹೇಗಿದ್ದಾಳೆ?"

"ಚೆನ್ನಾಗಿದ್ದಾಳೆ," ಎಂದೆ. ನನಗೆ ಗೊತ್ತೇ ಇರಲಿಲ್ಲ. ಅವಳ ಕೆಲಸ ಹೋದ ಮೇಲೆ ನಾನು ಒಂದು ಫೋನೂ ಮಾಡಿರಲಿಲ್ಲ. ನೋಡುವ ಕೆಲಸ ಅವಳದು, ಅವಳಿಗೆ ಗೊತ್ತಿತ್ತು ಎಂದು ಆಗಲಾದರೂ ಹೇಳಬಹುದಿತ್ತು. ಆ ಮುದುಕರು ತಮ್ಮ ಇಡೀ ವೃತ್ತಿಯಲ್ಲಿ ಒಂದು ದಿನದ ಬಗ್ಗೆ ಸಮಾಧಾನದಿಂದಿದ್ದರು. ಆ ಒಂದು ದಿನ ನನ್ನ ಅರ್ಧ ಮಾತಿನ ಮೇಲೆ ನಿಂತಿತ್ತು. ಹೇಳಿದರೆ ಅವರ ಸಮಾಧಾನ ಹೋಗುತ್ತದೆಂದು ಸುಮ್ಮನಾದೆನೋ, ನನ್ನ ಮುಖ ಉಳಿಸಿಕೊಳ್ಳಲು ಸುಮ್ಮನಾದೆನೋ? ಎರಡೂ ಇರಬಹುದು. ವಾಪಸು ಬರುವಾಗ ಕಾರಿನಲ್ಲಿ ನಮ್ಮನೆಯವರು, "ಏನಂದ್ರು ನಿಮ್ಮ ಸಾಹೇಬ್ರು? ಹೋದಾಗಿನಕಿಂತ ಸಪ್ಪಗ ಆಗಿ ಬಂದೀಯಲ್ಲ," ಎಂದರು. ನಿದ್ದೆ ಬಂದವಳಂತೆ ಕಣ್ಣು ಮುಚ್ಚಿಕೊಂಡೆ.

ಈ ವರ್ಷದ ಚಳಿಗಾಲದಲ್ಲಿ ಕೀತ್ ತೀರಿಕೊಂಡರು. ಕಂಪನಿಯ ಪತ್ರಿಕೆಯಲ್ಲಿ ಒಂದು ಪುಟದ ಲೇಖನ ಬಂತು. ಬಸ್ ಕಂಡಕ್ಟರನ ಮಗ, ಅರ ಹಿಡಿದ ಕೈ, ಚೇರ್‌ಮನ್ ಆದರೂ ಕೊನೆಯವರೆಗೂ ಇಂಜಿನಿಯರ್ ಆಗಿಯೇ ಉಳಿದವರು. ಬೇರಾರಿಗೂ ಕಾಣದ ಬಿರುಕನ್ನು ತಮ್ಮ ಉಗುರಿನಿಂದ ಕಂಡುಹಿಡಿದವರು. ಬೇರಾರಿಗೂ ಕಾಣದ! ನಾನು ಆ ಸಾಲನ್ನು ನಾಲ್ಕೈದು ಸಲ ಓದಿದೆ. ಒಂದೇ ಸಾಲಿನಲ್ಲಿ ಇಬ್ಬರ ಬಗ್ಗೆ ಸುಳ್ಳು ಬರೆದಿದ್ದರು. ಅದಕ್ಕೆ ಬೇಕಾದ ಕಚ್ಚಾ ಮಾಲು ಒದಗಿಸಿದವಳು ನಾನು.

ಎರಡು ವಾರದ ಹಿಂದಿನ ಶನಿವಾರ ಗಾರ್ನರ್‌ಗೆ ಹೋದೆ. ಡಾರ್ಲೀನ್ ಅಂಗಳದಲ್ಲಿ ಟೊಮೆಟೊ ಗಿಡಗಳಿಗೆ ಕೋಲು ಕಟ್ಟುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿದೆ. ಈಗ ಸ್ಕೂಲ್ ಬಸ್ಸುಗಳ ಗರಾಜಿನಲ್ಲಿ ಬ್ರೇಕು ನೋಡುವ ಕೆಲಸವಂತೆ. ಕೂತುಕೋ ಎನ್ನಲಿಲ್ಲ, ನಿಂತೇ ಹೇಳಿದೆ. ಕೀತ್ ಹೋದರು ಎಂದೆ. ಪತ್ರಿಕೆಯಲ್ಲಿ ಬಂದದ್ದನ್ನು ತೋರಿಸಿದೆ. ಅವಳು ಓದಿ ಮಡಚಿ ವಾಪಸು ಕೊಟ್ಟಳು.

"ಅದು ಕ್ರ್ಯಾಕೇ," ಎಂದಳು.

"ಲ್ಯಾಬಿನವರು ಹೇಳಲಾಗದು ಅಂದರು, ಡಾರ್ಲೀನ್."

"ಅವರು ಕತ್ತರಿಸಿ ನೋಡಿದರು. ನಾನು ಕತ್ತರಿಸುವ ಮೊದಲು ನೋಡಿದೆ."

"ನೀನು ಬರೆದದ್ದನ್ನು ನಾನು ತೆಗೆದುಹಾಕಿ ಬೇರೆ ಬರೆದೆ."

"ಗೊತ್ತು. ಊಟದಿಂದ ಬಂದಾಗ ಬುಟ್ಟಿಯಲ್ಲಿ ನನ್ನ ಕೈಬರಹ ಕಂಡಿತು."

"ಆಗಲೇ ಯಾಕೆ ಕೇಳಲಿಲ್ಲ?"

ಅವಳು ದಾರದ ಗಂಟು ಬಿಗಿ ಮಾಡಿದಳು. "ನೀನಾಗಿ ಹೇಳುತ್ತೀಯ ಅಂತ ಕಾದೆ. ಬೇಸಿಗೆ ಮುಗಿಯುವವರೆಗೂ ಕಾದೆ, ಚಳಿಗಾಲ ಪೂರ್ತಿ ಕಾದೆ. ಆಮೇಲೆ ನನ್ನ ಸಾಮಾನು ತುಂಬಿಕೊಂಡು ಹೋಗು ಅಂದರು, ಹೋದೆ." ಇನ್ನೊಂದು ಕೋಲು ಎತ್ತಿಕೊಂಡು ಕೇಳಿದಳು, "ಅವರು ಸತ್ತ ಮೇಲೆ ಯಾಕೆ ಬಂದೆ? ಅವರಿಗೋಸ್ಕರ ಬಂದೆಯಾ, ನನಗೋಸ್ಕರ ಬಂದೆಯಾ?"

ನಾನು ಪತ್ರಿಕೆಯನ್ನು ಚೀಲಕ್ಕೆ ಹಾಕಿಕೊಂಡೆ. ಹೊರಡುವಾಗ ಅವಳು ನಾಲ್ಕು ಟೊಮೆಟೊ ಕೊಟ್ಟಳು. ಅದು ಕ್ಷಮೆಯೋ, ಮನೆಗೆ ಬಂದವರಿಗೆ ಏನಾದರೂ ಕೊಟ್ಟು ಕಳಿಸುವ ಅವರ ಕಡೆಯ ರೂಢಿಯೋ, ಅದೂ ತಿಳಿಯಲಿಲ್ಲ. ಸಾರು ಮಾಡಿದೆ, ಚೆನ್ನಾಗಿತ್ತು.

ಕಳೆದ ಗುರುವಾರ ಆಫೀಸಿನಲ್ಲಿ ಆ ಹಳೆಯ ವರದಿಯನ್ನು ಕಡತದಿಂದ ತೆರೆದೆ. ಈಗ ನಾನೇ ವಿಭಾಗದ ಮುಖ್ಯಸ್ಥೆ. ಮುಗಿದ ವರದಿಗೆ ತಿದ್ದುಪಡಿ ಸೇರಿಸುವ ಹಕ್ಕು ನನಗಿದೆ. ಮೊದಲ ಪ್ರತಿಯ ಹೆಸರು ರಿವ್ ಎ, ಅಂದರೆ ರಿವಿಷನ್ ಎ. ನಾನು ರಿವ್ ಬಿ ಮಾಡಿ ಮೂರು ಸಾಲು ಸೇರಿಸಿದೆ. ಇದನ್ನು ಮೊದಲು ನೋಡಿದವರು ಡಾರ್ಲೀನ್. ಅವರ ತೀರ್ಮಾನ, ಬಿರುಕು. ಆ ತೀರ್ಮಾನವನ್ನು ವರದಿಯಿಂದ ಬಿಟ್ಟವಳು ನಾನು. ಸಹಿ ಹಾಕಿ ಕಳಿಸಿದೆ. ಶುಕ್ರವಾರ ಬೆಳಿಗ್ಗೆಯೇ ಕಂಪನಿಯ ವಕೀಲರ ಫೋನು. ಮುಚ್ಚಿಹೋದ ಕಡತವನ್ನು ಯಾಕೆ ತೆರೆದಿರಿ, ಯಾರಾದರೂ ಒತ್ತಾಯ ಮಾಡಿದರೇ, ಮಂಗಳವಾರ ಒಂಬತ್ತಕ್ಕೆ ಮೀಟಿಂಗು, ಅಲ್ಲಿಯವರೆಗೆ ಯಾವುದನ್ನೂ ಮುಟ್ಟಬೇಡಿ.

ಇದೆಲ್ಲ ತಲೆಯಲ್ಲಿ ತಿರುಗುತ್ತಿರುವಾಗಲೇ ನಮ್ಮನೆಯವರು ಮಧ್ಯಾಹ್ನದ ನಿದ್ದೆ ಮುಗಿಸಿ ಬಂದು, ಎದುರಿಗೆ ಕೂತು, ಒಂದು ಚವಳಿಕಾಯಿ ಎತ್ತಿಕೊಂಡರು.

"ಮಂಗಳವಾರ ಏನ್ ಹೇಳಾಕಿ ನೀ?"

"ಇದ್ದದ್ದು ಹೇಳ್ತೀನಿ."

"ಇದ್ದದ್ದು ಏನದು? ಕ್ರ್ಯಾಕೋ ಅಲ್ಲೋ ಅನ್ನೋದು ನಿನಗೇ ಗೊತ್ತಿಲ್ಲ."

"ನನಗ ಗೊತ್ತಿಲ್ಲ. ಆಕಿಗೆ ಗೊತ್ತದ. ಸಾಹೇಬ್ರು ಅಲ್ಲ ಅಂತ ತಿಳ್ಕೊಂಡಿದ್ರು. ಮೂರೂ ಹೇಳ್ತೀನಿ."

"ನೌಕರಿ ಹೋದರ?"

ಇಳಾ ತಲೆಯೆತ್ತಿದಳು. "ವೇಟ್, ಅಮ್ಮ, ಆರ್ ಯು ಗೆಟ್ಟಿಂಗ್ ಫೈರ್ಡ್?"

"ಗೊತ್ತಿಲ್ಲ ಪುಟ್ಟಾ," ಎಂದೆ. ಈ ಸಲ ಅದು ನಿಜವಾದ ಗೊತ್ತಿಲ್ಲ. ಎದ್ದು ಹೋಗಿ ಡಾರ್ಲೀನಳಿಗೆ ಫೋನು ಮಾಡಿದೆ. ಮೀಟಿಂಗಿನಲ್ಲಿ ನಿನ್ನ ಹೆಸರು ಬರುತ್ತದೆ, ಅವರು ನಿನ್ನನ್ನೂ ಕರೆದು ಕೇಳಬಹುದು, ನಿನಗೆ ಬೇಡವಾದರೆ ಈಗಲೇ ಹೇಳು ಎಂದೆ. ಆಚೆ ಕಡೆ ನೀರಿನ ನಲ್ಲಿ ನಿಲ್ಲಿಸಿದ ಸದ್ದು.

"ಏನು ಬರೆದಿದ್ದೀಯ, ಓದು."

ಓದಿದೆ.

"ಹೆಸರು ಹೇಗೆ ಬರೆದಿದ್ದೀಯ? ಒಂದೊಂದೇ ಅಕ್ಷರ ಹೇಳು."

ಒಂದೊಂದೇ ಅಕ್ಷರ ಹೇಳಿದೆ.

"ಕೊನೆಗೆ ಇನ್ನೊಂದು ಇ ಇದೆ," ಎಂದಳು. "ಒಂಬತ್ತು ವರ್ಷ ಪಕ್ಕದಲ್ಲೇ ನಿಂತಿದ್ದೆ. ನನ್ನನ್ನು ಕರೆಯುವುದಾದರೆ ಸರಿಯಾದ ಹೆಸರಿನಲ್ಲಿ ಕರೆಯಲಿ. ಬರುತ್ತೇನೆ."

ಇಂಗ್ಲಿಷಿನ ಆ ತಪ್ಪು ಕನ್ನಡದಲ್ಲಿ ಬರೆದರೆ ಕಾಣುವುದೇ ಇಲ್ಲ. ಮುಟ್ಟಬೇಡಿ ಎಂದಿದ್ದ ಕಡತವನ್ನು ಮನೆಯ ಲ್ಯಾಪ್‌ಟಾಪಿನಲ್ಲೇ ಮತ್ತೆ ತೆರೆದು ರಿವ್ ಸಿ ಎಂದು ಹೆಸರಿಟ್ಟು, ಆ ಒಂದು ಅಕ್ಷರ ಸೇರಿಸಿ, ಸಹಿ ಹಾಕಿ ಕಳಿಸಿದೆ.